ಮಕ್ಕಳ ಜೊತೆ ಟೂರ್ ಹೊರಟಿದ್ದೀರಾ? ಊರು ಕಮ್ಮಿ ಇಟ್ಟುಕೊಳ್ಳಿ: ಟಿಕೆಟ್‌ನಿಂದ ಔಷಧಿವರೆಗೆ ತಿಳಿದಿರಬೇಕಾದ ವಿಷಯಗಳು

ತಿಪಟೂರು: ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಬಿತ್ತು ಅಂದ್ರೆ ಮನೆಮನೆಯಲ್ಲೂ ಒಂದೇ ಪ್ರಶ್ನೆ, "ಈ ಸಲ ಎಲ್ಲಿಗೆ?" ಅಂಗಡಿ, ತೋಟ, ಕೆಲಸ ಅಂತ ವರ್ಷಪೂರ್ತಿ ಬಿಡುವಿಲ್ಲದವರಿಗೆ ಸಿಗುವುದೇ ಎರಡು ಮೂರು ದಿನ. ಹಾಗಾಗಿ ನಮ್ಮ ಕಡೆಯ ಪ್ಲಾನ್ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಶುಕ್ರವಾರ ರಾತ್ರಿ ಬಾಗಿಲು ಹಾಕಿ ಟಿಟಿ ಹತ್ತಿದರೆ ಹೊರನಾಡು, ಶೃಂಗೇರಿ, ಉಡುಪಿ, ಧರ್ಮಸ್ಥಳ, ಕುಕ್ಕೆ ಎಲ್ಲ ಮುಗಿಸಿ ಸೋಮವಾರ ಬೆಳಿಗ್ಗೆ ಮತ್ತೆ ಗಲ್ಲಾಪೆಟ್ಟಿಗೆ ಮುಂದೆ.

ದೊಡ್ಡವರೇ ಇದ್ದರೆ ಇದು ನಡೆಯುತ್ತೆ. ಜೊತೆಯಲ್ಲಿ ಎರಡು ವರ್ಷದ್ದೋ ಆರು ವರ್ಷದ್ದೋ ಮಗು ಇದ್ದರೆ ಲೆಕ್ಕ ಬೇರೆ. ನಿದ್ದೆ ಕೆಟ್ಟ ಮಗು ಊಟ ಬಿಡುತ್ತೆ, ಊಟ ಬಿಟ್ಟ ಮಗು ಘಾಟಿಯಲ್ಲಿ ವಾಂತಿ ಮಾಡುತ್ತೆ, ಎರಡನೇ ದಿನಕ್ಕೆ ಜ್ವರ ಬರುತ್ತೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅವಸರದಲ್ಲಿ ಇರುವ, ನಿದ್ದೆ ಇಲ್ಲದ ದೊಡ್ಡವರ ಕಣ್ಣು ತಪ್ಪುವುದು ನದಿಯ ಸ್ನಾನಘಟ್ಟದಲ್ಲಿ, ಕಡಲ ದಡದಲ್ಲಿ, ದರ್ಶನದ ಸಾಲಿನಲ್ಲಿ. ಆದ್ದರಿಂದ ಮಕ್ಕಳ ಜೊತೆ ಹೊರಡುವವರು ಮೊದಲು ಮಾಡಬೇಕಾದ ಕೆಲಸ ಪಟ್ಟಿಯಿಂದ ಒಂದೆರಡು ಊರು ತೆಗೆಯುವುದು. ಉಳಿದ ತಯಾರಿ ಅದರ ನಂತರ.

ದಿನಕ್ಕೆ ಎಷ್ಟು ಊರು?

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕ ಮಗುವಿನ ಹೊತ್ತುಗೊತ್ತು ನೋಡಿಕೊಂಡು ಪ್ಲಾನ್ ಮಾಡಿ. ಈ ಕೆಳಗಿನ ಲೆಕ್ಕ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ.

- 5 ವರ್ಷದೊಳಗಿನ ಮಗು ಇದ್ದರೆ ದಿನಕ್ಕೆ ಒಂದೇ ಮುಖ್ಯ ಜಾಗ. ಸಮಯ ಉಳಿದರೆ ಪಕ್ಕದಲ್ಲಿರುವ ಪಾರ್ಕೋ ಕೆರೆಯೋ ನೋಡಿದರೆ ಸಾಕು.
- 6ರಿಂದ 12 ವರ್ಷದವರಾದರೆ ಬೆಳಿಗ್ಗೆ ಒಂದು, ಸಂಜೆ ಒಂದು.
- ಒಟ್ಟು ಪ್ರಯಾಣ ದಿನಕ್ಕೆ ನಾಲ್ಕೈದು ಗಂಟೆ ದಾಟದಂತೆ ನೋಡಿಕೊಳ್ಳಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಮಕ್ಕಳನ್ನು ಹತ್ತು ನಿಮಿಷ ಓಡಾಡಿಸಿ.
- ಮಧ್ಯಾಹ್ನ ಮಲಗುವ ಮಗುವಾದರೆ ಆ ಹೊತ್ತನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ. ಗಾಡಿಯಲ್ಲೇ ನಿದ್ದೆ ಆಗುತ್ತೆ.
- ಉಳಿಯುವ ಊರನ್ನು ಕತ್ತಲಾಗುವ ಮೊದಲೇ ತಲುಪಿ.

ಎರಡು ರಾತ್ರಿ ಇದ್ದರೆ ಎರಡು ಊರಲ್ಲಿ ರೂಂ ಮಾಡುವ ಬದಲು ಒಂದೇ ಕಡೆ ಉಳಿದು ಸುತ್ತಮುತ್ತ ನೋಡಿ ಬರುವುದು ಒಳ್ಳೆಯದು. ದಿನಾ ಬ್ಯಾಗ್ ಕಟ್ಟುವ ಕೆಲಸ ತಪ್ಪುತ್ತೆ. ಮಗುವಿಗೂ ಎರಡನೇ ರಾತ್ರಿ ಆ ಜಾಗ ಹೊಸದು ಅನ್ನಿಸಲ್ಲ.

ನಮ್ಮ ಕಡೆಯಿಂದ ಯಾವ ವಯಸ್ಸಿಗೆ ಯಾವ ಜಾಗ?

ಮೈಸೂರು: ಚಿಕ್ಕ ಮಕ್ಕಳಿದ್ದವರಿಗೆ ಮೊದಲ ಆಯ್ಕೆ. ಅರಸೀಕೆರೆ, ಹಾಸನದ ಮೇಲೆ ರೈಲಿನಲ್ಲೂ ಹೋಗಬಹುದು. 1892ರಲ್ಲಿ ಶುರುವಾದ ಅಲ್ಲಿನ ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ. ಹಬ್ಬ, ಬೇಸಿಗೆ ರಜೆಯಲ್ಲಿ ಇದು ಬದಲಾಗುವುದುಂಟು, ಹೊರಡುವ ಮೊದಲು ವಿಚಾರಿಸಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಬಿಸಿಲೂ ಕಮ್ಮಿ, ಪ್ರಾಣಿಗಳೂ ಓಡಾಡುತ್ತಿರುತ್ತವೆ. ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳ ಸಂಜೆ ಅರಮನೆಯ ದೀಪಾಲಂಕಾರ ಇರುತ್ತೆ.

ಬೇಲೂರು, ಹಳೇಬೀಡು: ಒಂದೇ ದಿನದಲ್ಲಿ ಹೋಗಿ ಬರಬಹುದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳಲ್ಲಿ ಇವೆರಡೂ ಇವೆ. ಮಕ್ಕಳಿಗೆ ಇತಿಹಾಸದ ಭಾಷಣ ಬೇಡ. ಗೋಡೆಯ ಬುಡದಲ್ಲಿ ಸಾಲಾಗಿ ಕೆತ್ತಿರುವ ಆನೆಗಳನ್ನು ತೋರಿಸಿ "ಎಷ್ಟಿವೆ ಎಣಿಸು, ಒಂದರ ಹಾಗೆ ಇನ್ನೊಂದಿದೆಯಾ ನೋಡು" ಅನ್ನಿ. ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳದ ಕಲ್ಲು ಕಾದಿರುತ್ತೆ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ಶ್ರವಣಬೆಳಗೊಳ: ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು. ಏಳೆಂಟು ವರ್ಷ ದಾಟಿದ ಮಕ್ಕಳು ಖುಷಿಯಾಗಿ ಹತ್ತುತ್ತಾರೆ. ಮೂರು ವರ್ಷದ ಮಗುವನ್ನು ಅರ್ಧ ದಾರಿಯಿಂದ ಎತ್ತಿಕೊಳ್ಳಬೇಕಾಗುತ್ತೆ. ಬೆಳಿಗ್ಗೆ ಎಂಟರೊಳಗೆ ಹತ್ತಲು ಶುರು ಮಾಡಿ.

ಶಿವಮೊಗ್ಗ, ಜೋಗ: ಶಿವಮೊಗ್ಗದ ಹತ್ತಿರ ಸಕ್ರೆಬೈಲು ಆನೆ ಬಿಡಾರ ಇದೆ. ತುಂಗಾ ಹಿನ್ನೀರಿನಲ್ಲಿ ಆನೆಗಳ ಸ್ನಾನ ನೋಡುವ ಅವಕಾಶ ಬೆಳಗಿನ ಹೊತ್ತಿಗೆ ಮಾತ್ರ. 253 ಮೀಟರ್ ಎತ್ತರದಿಂದ ಶರಾವತಿ ಬೀಳುವ ಜೋಗ ನೋಡಲು ಮಳೆಗಾಲ ಒಳ್ಳೆಯದು. ಮೇ ತಿಂಗಳಲ್ಲಿ ಹೋಗಿ ನೀರೇ ಇಲ್ಲ ಅಂತ ಬೇಸರ ಪಡುವವರೇ ಹೆಚ್ಚು. ಬೇಸಿಗೆ ರಜೆಗಿಂತ ದಸರಾ ರಜೆಗೆ ಜೋಗ ಇಟ್ಟುಕೊಳ್ಳಿ.

ಕರಾವಳಿ: ತುಮಕೂರು–ಮಂಗಳೂರು ಹೆದ್ದಾರಿ ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿಯಲ್ಲಿ ಇಳಿಯುತ್ತದೆ. ಘಾಟಿಯನ್ನು ಹಗಲಲ್ಲೇ ಇಳಿಯಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲಿಸಿದ ಉದಾಹರಣೆಗಳಿವೆ. ಹೊರಡುವ ದಿನ ದಾರಿ ತೆರೆದಿದೆಯಾ ಕೇಳಿಕೊಳ್ಳಿ.

ಬಸ್ ಟಿಕೆಟ್: ಯಾರಿಗೆ ಫ್ರೀ, ಯಾರಿಗೆ ಅರ್ಧ?

ಕೆಎಸ್‌ಆರ್‌ಟಿಸಿ ಬಸ್‌ಗಳಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 6ರಿಂದ 12 ವರ್ಷದೊಳಗೆ ಅರ್ಧ ಟಿಕೆಟ್. ಕಂಡಕ್ಟರ್ ಜೊತೆ ಜಗಳ ಬೇಡ ಅಂದ್ರೆ ಮಗುವಿನ ಆಧಾರ್ ಅಥವಾ ಶಾಲೆಯ ಗುರುತಿನ ಚೀಟಿ ಜೇಬಲ್ಲಿರಲಿ.

2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಶೂನ್ಯ ಟಿಕೆಟ್. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸ, ಐರಾವತ, ಸ್ಲೀಪರ್, ಎಸಿ ಬಸ್‌ಗಳಿಗೆ ಇದು ಅನ್ವಯಿಸಲ್ಲ. ಹೊರ ರಾಜ್ಯಕ್ಕೆ ಹೋಗುವ ಬಸ್‌ಗಳಿಗೂ ಇಲ್ಲ. ತಿರುಪತಿ, ಊಟಿ, ಮಂತ್ರಾಲಯಕ್ಕೆ ಹೊರಡುವವರು ಇದನ್ನು ನೆನಪಿಡಿ.

ಒಂದು ಲೆಕ್ಕ ನೋಡಿ. ಅಪ್ಪ, ಅಮ್ಮ, 8 ವರ್ಷದ ಮಗಳು, 4 ವರ್ಷದ ಮಗ ವೇಗದೂತ ಬಸ್ ಹತ್ತಿದರೆ ದುಡ್ಡು ಕೊಡಬೇಕಾದದ್ದು ಅಪ್ಪನ ಒಂದು ಟಿಕೆಟ್‌ಗೆ ಮಾತ್ರ. ಆದರೆ ಮಗನಿಗೆ ಸೀಟು ಇರಲ್ಲ, ತೊಡೆಯ ಮೇಲೇ ಕೂರಬೇಕು. ಎರಡು ಮೂರು ಗಂಟೆಯ ದಾರಿಗೆ ಪರವಾಗಿಲ್ಲ. ರಾತ್ರಿಯೆಲ್ಲಾ ಹೋಗುವ ದಾರಿಗೆ ಮೊದಲೇ ಸೀಟು ಬುಕ್ ಆಗುವ ಬಸ್ಸೋ ರೈಲೋ ನೋಡಿಕೊಳ್ಳಿ. ಉಳಿಸಿದ ದುಡ್ಡು ಮರುದಿನ ಆಸ್ಪತ್ರೆಗೆ ಹೋಗಬಾರದು.

ರೈಲಿನಲ್ಲಿ ಹೋಗುವವರಿಗೆ

- 5 ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಅಂದ್ರೆ ಟಿಕೆಟ್ ಬೇಕಿಲ್ಲ. ಬರ್ತ್ ಬೇಕಾದರೆ ಪೂರ್ತಿ ದರ.
- 5ರಿಂದ 12 ವರ್ಷದೊಳಗಿನವರಿಗೆ ಬರ್ತ್ ತೆಗೆದುಕೊಂಡರೆ ಪೂರ್ತಿ ದರ, ಬರ್ತ್ ಬೇಡ ಅಂದ್ರೆ ಅರ್ಧ ದರ. 2016ರ ಏಪ್ರಿಲ್‌ನಿಂದ ಈ ನಿಯಮ ಇದೆ.
- ಚೇರ್ ಕಾರ್ ಮತ್ತು ರಿಸರ್ವೇಷನ್ ಇರುವ ಸೆಕೆಂಡ್ ಸಿಟ್ಟಿಂಗ್‌ನಲ್ಲಿ "ಸೀಟು ಬೇಡ, ಅರ್ಧ ಟಿಕೆಟ್ ಕೊಡಿ" ಅನ್ನುವ ಆಯ್ಕೆ ಇಲ್ಲ.
- ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಶುರು. 2024ರ ನವೆಂಬರ್‌ಗೆ ಮುಂಚೆ ಇದು 120 ದಿನ ಇತ್ತು.
- ತತ್ಕಾಲ್ ಹಿಂದಿನ ದಿನ ತೆರೆಯುತ್ತೆ: ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಮೊಬೈಲ್‌ನಲ್ಲಿ ತತ್ಕಾಲ್ ಮಾಡಲು ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಅದನ್ನು ಇವತ್ತೇ ಮಾಡಿಟ್ಟುಕೊಳ್ಳಿ.

ಕುಕ್ಕೆಗೆ ರೈಲಿನಲ್ಲಿ ಹೋಗುವವರು ಇಳಿಯಬೇಕಾದದ್ದು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ. ಅಲ್ಲಿಂದ ದೇವಸ್ಥಾನಕ್ಕೆ ಸುಮಾರು 12 ಕಿ.ಮೀ. ಇದೆ, ಬಸ್ಸೋ ಜೀಪೋ ಹಿಡಿಯಬೇಕು. ರಾತ್ರಿ ವೇಳೆ ಇಳಿಯುವುದಾದರೆ ಗಾಡಿ ಮೊದಲೇ ಹೇಳಿಟ್ಟಿರಿ. ಸಕಲೇಶಪುರದಿಂದ ಆಚೆ ಸುರಂಗ, ಸೇತುವೆಗಳ ದಾರಿ. ಮಕ್ಕಳಿಗೆ ಇದೇ ದೊಡ್ಡ ಆಕರ್ಷಣೆ, ಆದರೆ ಬೋಗಿಯ ಬಾಗಿಲ ಹತ್ತಿರ ಬಿಡಲೇಬೇಡಿ.

ಬಾಡಿಗೆ ಗಾಡಿ: ಹಳದಿ ಬೋರ್ಡ್ ಇದೆಯಾ ನೋಡಿ

ಪರಿಚಯದವರ ಬಿಳಿ ಬೋರ್ಡ್ ಕಾರು ಬಾಡಿಗೆಗೆ ಕಮ್ಮಿ ದುಡ್ಡಿಗೆ ಸಿಗುತ್ತೆ, ನಿಜ. ಆದರೆ ಸ್ವಂತ ಬಳಕೆಗೆ ಅಂತ ನೋಂದಣಿಯಾದ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಪಘಾತ ಆದರೆ ವಿಮೆಯ ಹಣಕ್ಕೆ ಕಂಪನಿ ತಕರಾರು ತೆಗೆಯಬಹುದು. ಟಿಟಿ ಇರಲಿ, ಕಾರು ಇರಲಿ, ಹಳದಿ ಬೋರ್ಡ್, ಪರ್ಮಿಟ್, ವಿಮೆ ನೋಡಿಯೇ ಅಡ್ವಾನ್ಸ್ ಕೊಡಿ. ಸೀಟು ಹದಿಮೂರು ಇದ್ದರೆ ಮಕ್ಕಳನ್ನು ಲೆಕ್ಕಕ್ಕೆ ಸೇರಿಸದೆ ಹದಿನೆಂಟು ಜನ ತುಂಬಬೇಡಿ.

ಇನ್ನೊಂದು ವಿಷಯ ಯಾರೂ ಕೇಳಲ್ಲ: ಡ್ರೈವರ್ ಎಲ್ಲಿ ಮಲಗುತ್ತಾರೆ? ಹಗಲೆಲ್ಲಾ ಬೇರೆ ಬಾಡಿಗೆ ಮುಗಿಸಿ ಬಂದವರನ್ನು ರಾತ್ರಿಯೆಲ್ಲಾ ಓಡಿಸಿದರೆ ಅಪಾಯ ನಿಮ್ಮ ಮಕ್ಕಳಿಗೇ. "ಅಣ್ಣಾ, ನಿನ್ನೆ ನಿದ್ದೆ ಆಯ್ತಾ?" ಅಂತ ಹೊರಡುವ ಮೊದಲು ಕೇಳಿ. ನೀವು ರೂಂ ಮಾಡಿದ ಕಡೆ ಅವರಿಗೂ ಒಂದು ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ ಇರಲಿ. ನಡುರಾತ್ರಿಯಿಂದ ಬೆಳಗಿನ ಜಾವ ಐದರವರೆಗೆ ಗಾಡಿ ಓಡದಂತೆ ಪ್ಲಾನ್ ಮಾಡಿ.

ಸ್ವಂತ ಕಾರಾದರೆ:

- 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಹಾಕದಿದ್ದರೆ 1,000 ರೂಪಾಯಿ ದಂಡ.
- ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮಗುವಿನ ಮುಖಕ್ಕೇ ಬಡಿಯುತ್ತೆ.
- ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿ.
- ನಿಲ್ಲಿಸಿದ ಕಾರಿನಲ್ಲಿ ಮಲಗಿದ ಮಗುವನ್ನು ಬಿಟ್ಟು "ಐದು ನಿಮಿಷದಲ್ಲಿ ಬರ್ತೀನಿ" ಅಂತ ಹೋಗಬೇಡಿ. ಬಿಸಿಲಲ್ಲಿ ಕಾರಿನ ಒಳಗಿನ ಶಾಖ ನಿಮಿಷಗಳಲ್ಲೇ ಏರುತ್ತೆ.

ಬೈಕಿನಲ್ಲಿ ಹತ್ತಿರದ ಬೆಟ್ಟ, ಜಾತ್ರೆಗೆ ಹೋಗುವವರಿಗೆ: 4 ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಅಳತೆಗೆ ತಕ್ಕ ಹೆಲ್ಮೆಟ್ ಜೊತೆಗೆ ಸವಾರರಿಗೆ ಕಟ್ಟುವ ಸುರಕ್ಷತಾ ಬೆಲ್ಟ್ ಬೇಕು, ವೇಗ 40 ಕಿ.ಮೀ. ದಾಟಬಾರದು. ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ಘಾಟಿಯಲ್ಲಿ ವಾಂತಿ: ತಡೆಯುವುದು ಹೇಗೆ?

ಚಾರ್ಮಾಡಿ, ಆಗುಂಬೆ, ಶಿರಾಡಿ ಯಾವುದೇ ಇರಲಿ, ತಿರುವು ಶುರುವಾದ ಕಾಲು ಗಂಟೆಗೆ ಮಕ್ಕಳ ಮುಖ ಬಾಡುತ್ತೆ. ಕಿವಿಯ ಒಳಭಾಗಕ್ಕೆ ಗಾಡಿ ಓಲಾಡುವುದು ತಿಳಿಯುತ್ತೆ, ಆದರೆ ಮೊಬೈಲ್ ನೋಡುತ್ತಿರುವ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತೆ. ಈ ಗೊಂದಲವೇ ವಾಂತಿಗೆ ಕಾರಣ. ಹಾಗಾಗಿ ಘಾಟಿ ಬಂದಾಗ ಮೊದಲು ಮೊಬೈಲ್ ಕಿತ್ತಿಟ್ಟುಕೊಳ್ಳಿ.

- ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಘಾಟಿಗೆ ಒಂದು ಗಂಟೆ ಮೊದಲು ಇಡ್ಲಿಯಂಥ ಹಗುರ ತಿಂಡಿ ಸಾಕು. ಪೂರಿ, ಬೋಂಡಾ, ಹಾಲು ಬೇಡ.
- ಮಕ್ಕಳನ್ನು ಟಿಟಿಯ ಹಿಂದಿನ ಸಾಲಿನಲ್ಲಿ ಕೂರಿಸಬೇಡಿ, ಅಲ್ಲಿ ಎತ್ತಾಟ ಜಾಸ್ತಿ. ಮಧ್ಯದ ಸಾಲು ಒಳ್ಳೆಯದು.
- ಕಿಟಕಿ ಸ್ವಲ್ಪ ತೆಗೆದು ದೂರದ ಬೆಟ್ಟ ತೋರಿಸಿ. ನಿದ್ದೆ ಬಂದರೆ ಮಲಗಲು ಬಿಡಿ.
- ವಾಂತಿಯ ಮಾತ್ರೆ ಅಥವಾ ಸಿರಪ್ ಅನ್ನು ಹೊರಡುವ ಮೊದಲೇ ಮಕ್ಕಳ ವೈದ್ಯರ ಹತ್ತಿರ ಬರೆಸಿಕೊಳ್ಳಿ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ. ಇವುಗಳಲ್ಲಿ ಕೆಲವನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು.

ನಾಲ್ಕೈದು ಗಟ್ಟಿ ಕವರ್, ಒಂದು ಹಳೇ ಟವೆಲ್, ಒಂದು ಜೊತೆ ಬಟ್ಟೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಗಾಡಿಯ ಮೇಲೆ ಕಟ್ಟಿದ ಬ್ಯಾಗಿನಲ್ಲಿದ್ದರೆ ಪ್ರಯೋಜನ ಇಲ್ಲ.

ಊಟ, ನೀರು

ಬೆಳಿಗ್ಗೆ ಕಟ್ಟಿಕೊಂಡ ಬುತ್ತಿಯಲ್ಲಿ ತೆಂಗಿನಕಾಯಿ ಹಾಕಿದ ಚಟ್ನಿ, ಚಿತ್ರಾನ್ನ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತೆ. ಕಾಯಿ ಹಾಕದ ಪುಳಿಯೋಗರೆ, ಚಪಾತಿ, ಒಣ ಚಟ್ನಿಪುಡಿ ತಡೆಯುತ್ತೆ. ಹುರಿಹಿಟ್ಟು, ಒಣ ಅವಲಕ್ಕಿ ಇದ್ದರೆ ಎಲ್ಲಿ ಗಾಡಿ ಕೆಟ್ಟು ನಿಂತರೂ ಮಕ್ಕಳು ಹಸಿದಿರಲ್ಲ. ಕೂಸುಗಳಿಗೆ ಮನೆಯ ರಾಗಿ ಸರಿ ಹಿಟ್ಟು ಒಯ್ದರೆ ಫ್ಲಾಸ್ಕಿನ ಬಿಸಿನೀರು ಸಾಕು. ಹೋಟೆಲಿನಲ್ಲಾದರೆ ಕಣ್ಣೆದುರು ಹಬೆಯಾಡುವ ಇಡ್ಲಿ, ದೋಸೆ, ಅನ್ನ ಸಾರು ಕೊಡಿಸಿ. ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್ ಬೇಡ. ಬಾಳೆಹಣ್ಣು, ಎಳನೀರು ಎಲ್ಲ ಕಡೆ ಸಿಗುತ್ತೆ.

ಮಕ್ಕಳಿಗೆ ಅಪಾಯ ತರಬಹುದಾದ ಎರಡು ತಿನಿಸಿನ ಬಗ್ಗೆ ಎಚ್ಚರ ಇರಲಿ. ಒಂದು, ಓಡುವ ಗಾಡಿಯಲ್ಲಿ ಐದು ವರ್ಷದೊಳಗಿನವರಿಗೆ ಕಡಲೆಕಾಯಿ ಬೀಜ, ಬಟಾಣಿ, ಗಟ್ಟಿ ಪೆಪ್ಪರ್‌ಮಿಂಟ್ ಕೊಡಬೇಡಿ. ಒಂದು ಬ್ರೇಕ್ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಎರಡು, ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ಬೆಳೆದು ವಿಷ ಉಂಟುಮಾಡಬಹುದು. ಪಂಚಾಮೃತದಲ್ಲೂ ಜೇನು ಇರುತ್ತೆ. ಭಕ್ತಿಗೆ ಕೂಸಿನ ಹಣೆಗೆ ಮುಟ್ಟಿಸಿ, ತೀರ್ಥ ದೊಡ್ಡವರು ತೆಗೆದುಕೊಂಡರೆ ಸಾಕು.

ಔಷಧಿ ಡಬ್ಬಿಯಲ್ಲಿ ಏನಿರಬೇಕು?

- ಜ್ವರದ ಸಿರಪ್ (ಪ್ಯಾರಸಿಟಮಾಲ್): ಡೋಸ್ ಲೆಕ್ಕ ಮಗುವಿನ ತೂಕದ ಮೇಲೆ. ಹೋದ ವರ್ಷ ಬರೆದುಕೊಟ್ಟ ಅಳತೆ ಈ ವರ್ಷಕ್ಕೆ ಆಗಲ್ಲ. ಹೊರಡುವ ಮೊದಲು ತೂಕ ನೋಡಿಸಿ, ವೈದ್ಯರಿಂದ ಚೀಟಿಯಲ್ಲಿ ಬರೆಸಿ ಬಾಟಲಿಗೇ ಅಂಟಿಸಿ.
- ಒಆರ್‌ಎಸ್ ಪುಡಿ: ದೊಡ್ಡ ಪ್ಯಾಕೆಟ್ ಅಂದ್ರೆ ಒಂದು ಲೀಟರ್ ನೀರಿಗೆ ಪೂರ್ತಿ ಒಂದು. ಸಣ್ಣ ಪ್ಯಾಕೆಟ್‌ಗೆ ಅದರ ಮೇಲೆ ಬರೆದಷ್ಟೇ ನೀರು. ಅರ್ಧ ಪ್ಯಾಕೆಟ್ ಅಂದಾಜಿಗೆ ಕಲಸಬೇಡಿ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಒಆರ್‌ಎಸ್ ಅಲ್ಲ, ಅದರ ಸಕ್ಕರೆಯಿಂದ ಭೇದಿ ಹೆಚ್ಚಾಗಬಹುದು.
- ಕೆಮ್ಮಿನ ಸಿರಪ್: 2 ವರ್ಷದೊಳಗಿನವರಿಗೆ ಕೊಡಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸಲಹೆ ಕೊಟ್ಟಿದೆ. ದಾರಿಯ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ಕುಡಿಸಬೇಡಿ.
- ಬ್ಯಾಂಡೇಜ್, ಹತ್ತಿ, ಗಾಯದ ಮುಲಾಮು, ಥರ್ಮಾಮೀಟರ್, ಸೊಳ್ಳೆ ಮುಲಾಮು.
- ಉಬ್ಬಸ, ಫಿಟ್ಸ್, ಅಲರ್ಜಿ ಇರುವ ಮಕ್ಕಳ ದಿನನಿತ್ಯದ ಔಷಧಿ ಎರಡು ದಿನಕ್ಕೆ ಹೆಚ್ಚುವರಿಯಾಗಿ, ಜೊತೆಗೆ ವೈದ್ಯರ ಚೀಟಿಯ ಫೋಟೊ.

ಭೇದಿಯಾದ ಮಗು ಆರೇಳು ಗಂಟೆಯಿಂದ ಮೂತ್ರ ಮಾಡಿಲ್ಲ, ಕಣ್ಣು ಗುಳಿ ಬಿದ್ದಿದೆ, ಕರೆದರೂ ಮಂಪರಿನಲ್ಲಿದೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ ಅಂದ್ರೆ ದರ್ಶನ ಬಿಟ್ಟು ಆಸ್ಪತ್ರೆಗೆ ಹೋಗಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಬೆಟ್ಟ, ಜಲಪಾತಗಳ ಕಡೆ ಕೋತಿ ಕಾಟ ಇದೆ. ಮಕ್ಕಳ ಕೈಗೆ ಬಿಸ್ಕತ್ ಪ್ಯಾಕೆಟ್, ಪ್ಲಾಸ್ಟಿಕ್ ಕವರ್ ಕೊಡಬೇಡಿ. ಕೋತಿಯೋ ನಾಯಿಯೋ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ. ಅರಿಶಿನ, ಸುಣ್ಣ ಮೆತ್ತಬೇಡಿ. ಊರಿಗೆ ಬಂದ ಮೇಲೆ ನೋಡೋಣ ಅನ್ನುವುದು ಬೇಡ.

ನೀರಿನ ಹತ್ತಿರ: ಕೈಗೆಟುಕುವ ದೂರ

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ನಮ್ಮ ಬಯಲುಸೀಮೆಯ ಮಕ್ಕಳಿಗೆ ಕೆರೆ, ಚಾನೆಲ್ ಗೊತ್ತು, ಸಮುದ್ರ ಗೊತ್ತಿಲ್ಲ. ದಡದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತವರ ಕಾಲಡಿಯ ಮರಳನ್ನೇ ಹಿಂದೆ ಸರಿಯುವ ಅಲೆ ಎಳೆದುಕೊಂಡು ಹೋಗುತ್ತೆ. ಬಿದ್ದ ಮಗು ಏಳುವ ಮೊದಲೇ ಇನ್ನೊಂದು ಅಲೆ ಬಂದಿರುತ್ತೆ.

- ಮಗು ನೀರಿನಲ್ಲಿ ಇರುವಷ್ಟು ಹೊತ್ತೂ ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿರಬೇಕು. ದಡದಲ್ಲಿ ಕೂತು ನೋಡುವುದು ಸಾಲದು. ಅವರ ಕೈಯಲ್ಲಿ ಮೊಬೈಲ್ ಇರಬಾರದು.
- ಕೆಂಪು ಬಾವುಟ ಇದ್ದರೆ, ಜೀವರಕ್ಷಕರು ಸೀಟಿ ಹೊಡೆದರೆ ವಾದ ಮಾಡದೆ ಮೇಲೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಸಲೇಬೇಡಿ. ಕತ್ತಲಾದ ಮೇಲೆ ಯಾವ ಕಾಲದಲ್ಲೂ ಬೇಡ.
- ನೇತ್ರಾವತಿ, ಕುಮಾರಧಾರಾ, ತುಂಗಾ ನದಿಗಳ ಸ್ನಾನಘಟ್ಟದಲ್ಲಿ ಮೆಟ್ಟಿಲು ಪಾಚಿ ಕಟ್ಟಿರುತ್ತೆ. ಘಟ್ಟದ ಮೇಲೆ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತೆ. ಕೊಡದಲ್ಲಿ ನೀರು ತೆಗೆದು ಮೆಟ್ಟಿಲ ಮೇಲೇ ಮಕ್ಕಳಿಗೆ ಸ್ನಾನ ಮಾಡಿಸಿ.
- ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಆಟ ಬೇಡ. ಮೇಲಿಂದ ನೀರು ಬಿಟ್ಟರೆ ಓಡಲು ಸಮಯ ಸಿಗಲ್ಲ.
- ಹೋಂಸ್ಟೇ, ರೆಸಾರ್ಟ್‌ಗಳ ಈಜುಕೊಳದಲ್ಲಿ ಬಹುತೇಕ ಕಡೆ ಕಾವಲಿಗೆ ಯಾರೂ ಇರಲ್ಲ. ರೂಂ ತಲುಪಿದ ಕೂಡಲೇ ಕೊಳ ಎಲ್ಲಿದೆ, ಬೇಲಿ ಇದೆಯಾ ನೋಡಿ. ದೊಡ್ಡವರು ಸಾಮಾನು ಇಳಿಸುವ ಹೊತ್ತಿನಲ್ಲೇ ಮಕ್ಕಳು ಅಲ್ಲಿಗೆ ಓಡುತ್ತಾರೆ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಹಗ್ಗ, ಸೀರೆ, ಖಾಲಿ ಕ್ಯಾನ್ ಎಸೆಯಿರಿ, ಕೂಗಿ ಜನ ಸೇರಿಸಿ. ಮೇಲೆತ್ತಿದ ಮಗುವನ್ನು ತಲೆಕೆಳಗೆ ಮಾಡಿ ಆಡಿಸುವುದು, ಹೊಟ್ಟೆ ಅದುಮುವುದು ತಪ್ಪು. ಉಸಿರಾಟ ಇಲ್ಲದಿದ್ದರೆ ತಡಮಾಡದೆ ಬಾಯಿಂದ ಬಾಯಿಗೆ ಉಸಿರು ಕೊಟ್ಟು ಎದೆ ಒತ್ತುವುದನ್ನು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಎದ್ದು ಮಾತಾಡಿದರೂ ಆಸ್ಪತ್ರೆಗೆ ತೋರಿಸಿಯೇ ಮುಂದೆ ಹೋಗಿ.

ಜನಜಂಗುಳಿಯಲ್ಲಿ: "ಯಾರು ನೋಡ್ಕೋತಿದ್ದಾರೆ?"

ಹನ್ನೆರಡು ಜನ ದೊಡ್ಡವರು ಇದ್ದರೆ ಮಗುವಿನ ಮೇಲೆ ಇಪ್ಪತ್ನಾಲ್ಕು ಕಣ್ಣು ಇರುತ್ತೆ ಅನ್ನೋದು ತಪ್ಪು ಲೆಕ್ಕ. ಅಜ್ಜಿ ಹತ್ತಿರ ಇದೆ ಅಂತ ಅಮ್ಮ, ಚಿಕ್ಕಪ್ಪನ ಹತ್ತಿರ ಇದೆ ಅಂತ ಅಜ್ಜಿ ಅಂದುಕೊಂಡಾಗಲೇ ಮಗು ಕಾಣೆಯಾಗುವುದು. ಒಂದು ಮಗುವಿಗೆ ಒಬ್ಬರ ಹೆಸರು ಹೇಳಿಬಿಡಿ. ಅವರು ಬೇರೆ ಕಡೆ ಹೋಗಬೇಕಾದರೆ ಬಾಯಿ ಬಿಟ್ಟು ಹೇಳಬೇಕು: "ಅತ್ತಿಗೆ, ಪುಟ್ಟಿನ ನೀವು ನೋಡ್ಕೊಳ್ಳಿ, ನಾನು ಚಪ್ಪಲಿ ಇಟ್ಟು ಬರ್ತೀನಿ." ಅತ್ತಿಗೆ "ಹೂಂ" ಅಂದ ಮೇಲೇ ಹೊರಡಬೇಕು.

- ಬೆಳಿಗ್ಗೆ ರೂಂ ಬಿಡುವ ಮೊದಲು ಅವತ್ತಿನ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆಯಿರಿ. ಹುಡುಕುವಾಗ "ಏನು ಬಟ್ಟೆ ಹಾಕಿತ್ತು?" ಅನ್ನುವ ಪ್ರಶ್ನೆಗೆ ಗಾಬರಿಯಲ್ಲಿ ಉತ್ತರ ಹೊಳೆಯಲ್ಲ.
- ಎರಡು ಮೊಬೈಲ್ ನಂಬರ್ ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ಮಗುವಿನ ಹೆಸರು ಎದ್ದು ಕಾಣುವಂತೆ ಬಟ್ಟೆಯ ಮೇಲೆ ಬರೆಯಬೇಡಿ. ಹೆಸರು ಹಿಡಿದು ಕರೆದರೆ ಮಗು ಗುರುತಿನವರು ಅಂತ ನಂಬುತ್ತೆ.
- ನಾಲ್ಕು ವರ್ಷ ದಾಟಿದವರಿಗೆ ಅಪ್ಪ, ಅಮ್ಮನ ಪೂರ್ತಿ ಹೆಸರು, ಊರು, ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಸಿ.
- "ಕಳೆದುಹೋದ್ರೆ ನಿಂತಲ್ಲೇ ನಿಲ್ಲು, ಪೊಲೀಸ್ ಇಲ್ಲಾ ಅಂಗಡಿಯವರ ಹತ್ತಿರ ಹೇಳು, ಯಾರ ಜೊತೆಗೂ ಗಾಡಿ ಹತ್ತಬೇಡ" ಅಂತ ಮನೆಯಲ್ಲೇ ಎರಡು ಸಲ ಆಡಿಸಿ ತೋರಿಸಿ.
- ಕೂಸಿನ ಮೈಮೇಲೆ ಚಿನ್ನ ಬೇಡ. ಸರ, ಬಳೆ ಮನೆಯಲ್ಲೇ ಇರಲಿ.
- ಕಾಲು ಗಂಟೆಗಿಂತ ಹೆಚ್ಚು ನಿಲ್ಲಬೇಕಾದ ಸಾಲಾದರೆ ದೊಡ್ಡವರು ಎರಡು ತಂಡ ಮಾಡಿಕೊಂಡು ಸರದಿಯಂತೆ ದರ್ಶನ ಮಾಡಿ. ಉಸಿರು ಕಟ್ಟುವ ನೂಕುನುಗ್ಗಲಿಗೆ ಕೂಸನ್ನು ಒಯ್ಯಬೇಡಿ.

ಮಗು ಕಾಣದಿದ್ದರೆ ಹತ್ತು ನಿಮಿಷ ಹುಡುಕಿ, ಸಿಗದಿದ್ದರೆ ದೇವಸ್ಥಾನದ ಮೈಕ್‌ನಲ್ಲಿ ಹೇಳಿಸಿ, 112ಕ್ಕೆ ಕರೆ ಮಾಡಿ. "24 ಗಂಟೆ ಕಾಯಿರಿ" ಅನ್ನುವ ನಿಯಮ ಇಲ್ಲ. ಕಾಣೆಯಾದ ಮಕ್ಕಳ ದೂರನ್ನು ದಾಖಲಿಸಿಕೊಳ್ಳಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ರೂಂ ಬುಕ್ ಮಾಡುವಾಗ ಕೇಳಬೇಕಾದ್ದು

ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ? ಲಿಫ್ಟ್ ಇದೆಯಾ? ಹೆಚ್ಚುವರಿ ಹಾಸಿಗೆಗೆ ಎಷ್ಟು? ರಾತ್ರಿ ಹತ್ತಕ್ಕೆ ಹಾಲು, ಬಿಸಿನೀರು ಸಿಗುತ್ತಾ? ರೂಂ ಒಳಗೆ ಹೋದ ಮೇಲೆ ಬಾಲ್ಕನಿ ಸರಳುಗಳ ಸಂದಿ, ಕಿಟಕಿಯ ಚಿಲಕ, ಪ್ಲಗ್ ಪಾಯಿಂಟ್ ನೋಡಿ. ಗೀಸರ್ ನೀರು ಮೊದಲು ನಿಮ್ಮ ಕೈಗೆ ಬಿಟ್ಟುಕೊಂಡು ಆಮೇಲೆ ಮಗುವಿಗೆ ಹಾಕಿ. ಬಾತ್‌ರೂಂ ಚಿಲಕ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇದ್ದರೆ ಮೇಲು, ಇಲ್ಲದಿದ್ದರೆ ಬಾಗಿಲಿಗೆ ಟವೆಲ್ ಸಿಕ್ಕಿಸಿ.

ಅಂಗಡಿ ಬಾಗಿಲು ಹಾಕಿ ಹೊರಡುವವರಿಗೆ

ಟೂರ್ ಮಧ್ಯೆ ಹತ್ತು ಸಲ ಅಂಗಡಿಯಿಂದ ಫೋನ್ ಬಂದರೆ ಕಣ್ಣು ಮಕ್ಕಳ ಮೇಲೆ ಇರಲ್ಲ. ಅದಕ್ಕೇ ಇದನ್ನೂ ತಯಾರಿಯಲ್ಲಿ ಸೇರಿಸಿಕೊಳ್ಳಿ.

- ಸಂತೆ, ಹಬ್ಬದ ಹಿಂದಿನ ದಿನ ಬಿಟ್ಟು ವಾರದ ರಜೆಗೆ ಒಂದು ದಿನ ಸೇರಿಸಿ ಹೊರಡಿ. ಮೂರು ದಿನ ಮೊದಲೇ ಬಾಗಿಲಿಗೆ ಚೀಟಿ ಅಂಟಿಸಿದರೆ ಗಿರಾಕಿಗಳು ಬೇಕಾದ್ದನ್ನು ಮೊದಲೇ ಒಯ್ಯುತ್ತಾರೆ.
- ಹಾಲು, ತರಕಾರಿ, ಬ್ರೆಡ್ ಸರಬರಾಜಿನವರಿಗೆ ಹೇಳಿ ನಿಲ್ಲಿಸಿ. ಫ್ರಿಜ್ ಓಡಲೇಬೇಕಾದರೆ ಪಕ್ಕದ ಅಂಗಡಿಯವರಿಗೆ ಒಂದು ಕೀಲಿ ಕೊಡಿ.
- ಮನೆಯ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ನೀರಿನ ಮೋಟರ್ ಆಫ್ ಮಾಡಿ. ನಗದು, ಒಡವೆ ಮನೆಯಲ್ಲಿ ಬಿಡಬೇಡಿ.
- ಎರಡು ದಿನಕ್ಕಿಂತ ಹೆಚ್ಚು ಮನೆ ಬೀಗ ಹಾಕುವುದಾದರೆ ಠಾಣೆಯ ಬೀಟ್ ಸಿಬ್ಬಂದಿಗೆ ತಿಳಿಸಿ.
- ಫೋಟೊಗಳನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದು ಊರಿಗೆ ವಾಪಸ್ ಬಂದ ಮೇಲೆ. ಮನೆ ಖಾಲಿ ಇದೆ ಅಂತ ಊರಿಗೆಲ್ಲಾ ಸಾರುವುದು ಬೇಡ.
- ವಾಪಸ್ ಬಂದ ದಿನವೇ ಮಕ್ಕಳನ್ನು ಶಾಲೆಗೆ, ಟ್ಯೂಷನ್‌ಗೆ ಕಳಿಸುವ ಪ್ಲಾನ್ ಬೇಡ. ಅರ್ಧ ದಿನ ನಿದ್ದೆಗೆ ಬಿಡಿ.

ಕಾಗದಪತ್ರ

ದೊಡ್ಡವರ ಗುರುತಿನ ಚೀಟಿ, ಮಕ್ಕಳ ಆಧಾರ್ ಇರಲಿ. 5 ವರ್ಷದೊಳಗಿನವರಿಗೆ ಸಿಗುವುದು ನೀಲಿ ಬಣ್ಣದ ಬಾಲ ಆಧಾರ್, 5 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ಎಲ್ಲದರ ಫೋಟೊ ಇಬ್ಬರ ಮೊಬೈಲ್‌ನಲ್ಲೂ ಇರಲಿ. ಒಂದು ಫೋನ್ ಕಳೆದರೂ ಇನ್ನೊಂದರಲ್ಲಿ ಸಿಗುತ್ತೆ.

ಇವನ್ನು ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ

- 112: ಪೊಲೀಸ್ ಸೇರಿ ಎಲ್ಲ ತುರ್ತು ನೆರವು
- 108: ಆಂಬುಲೆನ್ಸ್
- 1098: ಮಕ್ಕಳ ಸಹಾಯವಾಣಿ
- 139: ರೈಲ್ವೆ ಸಹಾಯವಾಣಿ (ಓಡುವ ರೈಲಿನಲ್ಲಿ ಮಗುವಿಗೆ ಹುಷಾರಿಲ್ಲದಿದ್ದರೂ ಇದಕ್ಕೇ ಕರೆ ಮಾಡಿ)
- 1033: ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದರೆ, ಗಾಡಿ ಕೆಟ್ಟರೆ
- 104: ಆರೋಗ್ಯ ಸಲಹೆ

ಟೂರ್ ಹೊರಡುವ ಗುಂಪಿನ ವಾಟ್ಸ್ಆ್ಯಪ್ ಗ್ರೂಪಿಗೂ ಈ ನಂಬರ್‌ಗಳನ್ನು ಹಾಕಿ, ಯಾವ ಮಗುವಿಗೆ ಯಾರು ಜವಾಬ್ದಾರಿ ಅನ್ನುವುದನ್ನೂ ಅದರ ಕೆಳಗೇ ಬರೆದುಬಿಡಿ.